ಯುವಿ ಬೆಳಕು ಕೊಟ್ಟರೂ ಪ್ರೋಬ್ ಅಂಟುತ್ತಿಲ್ಲವೇ? ಪ್ರೋಟೀನಿಗೆ ಬೆಳಕಿನ ಗುರುತು ಹಾಕುವಾಗ ಎಲ್ಲಿ ತಪ್ಪುತ್ತದೆ, ಹೇಗೆ ಹುಡುಕಬೇಕು

ಒಂದು ಔಷಧಿ ಪ್ರೋಟೀನಿನ ಯಾವ ಜಾಗದಲ್ಲಿ ಹೋಗಿ ಕೂರುತ್ತದೆ ಅಂತ ತಿಳಿಯಬೇಕಾದರೆ ಆ ಔಷಧಿಗೆ ಎರಡು ಬಾಲ ಕಟ್ಟುತ್ತೇವೆ. ಹೀಗೆ ಬಾಲ ಕಟ್ಟಿದ ಔಷಧಿಯನ್ನೇ ಪ್ರೋಬ್ ಅನ್ನುತ್ತೇವೆ. ಒಂದು ಬಾಲ ಯುವಿ ಬೆಳಕು ಬಿದ್ದ ಕ್ಷಣವೇ ಪಕ್ಕದಲ್ಲಿ ಏನಿದೆಯೋ ಅದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಇನ್ನೊಂದು ಬಾಲ ಸಾಮಾನ್ಯವಾಗಿ ಆಲ್ಕೈನ್. ಅದಕ್ಕೆ ಆಮೇಲೆ ಬಣ್ಣವನ್ನೋ ಬಯೋಟಿನ್ನನ್ನೋ ಸಿಕ್ಕಿಸಿ ನೋಡುತ್ತೇವೆ. 1962ರಲ್ಲಿ ಫ್ರಾಂಕ್ ವೆಸ್ಟ್‌ಹೈಮರ್ ಮತ್ತು ಜೊತೆಗಾರರು ಕೈಮೊಟ್ರಿಪ್ಸಿನ್ ಕಿಣ್ವದ ಮೇಲೆ ಈ ದಾರಿಯನ್ನು ಮೊದಲು ತೋರಿಸಿದರು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಬೆಳಕಿನ ಬಾಲಗಳು ಮೂರು: ಆರೈಲ್ ಅಜೈಡ್, ಬೆಂಜೋಫಿನೋನ್, ಡೈಯಾಜಿರೀನ್.

ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಎಂಎಸ್ಸಿ ಪ್ರಾಜೆಕ್ಟ್, ಪಿಎಚ್‌ಡಿ ಮಾಡುತ್ತಿರುವವರಿಗೆ ಈ ಬರಹ. ನಮ್ಮ ಕಡೆ ಪ್ರೋಬ್ ಸುಲಭಕ್ಕೆ ಸಿಗುವುದಿಲ್ಲ. ಎರಡು ಮಿಲಿಗ್ರಾಂ ಬಂದರೆ ಅದರಲ್ಲೇ ವರ್ಷ ಕಳೆಯಬೇಕು. ಹಾಗಾಗಿ ತಪ್ಪು ಹುಡುಕುವಾಗ ಪ್ರೋಬ್ ಖರ್ಚಾಗದ ಪರೀಕ್ಷೆಗಳನ್ನು ಮೊದಲು ಮಾಡೋಣ, ಖರ್ಚಾಗುವವನ್ನು ಕೊನೆಗಿಡೋಣ.

ಮೊದಲು ಕಣ್ಣು, ಕೈ

ಯುವಿ ಕಣ್ಣಿಗೆ ತಾಗಿದ್ದು ಆಗಲೇ ಗೊತ್ತಾಗುವುದಿಲ್ಲ. ಕೆಲವು ತಾಸು ಕಳೆದ ಮೇಲೆ, ಅಂದರೆ ರಾತ್ರಿ ರೂಮಿಗೆ ಹೋಗಿ ಮಲಗಿದಾಗ, ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚಲು ಶುರುವಾಗುತ್ತದೆ. ಹಾಗಾದರೆ ಕಣ್ಣು ಉಜ್ಜಬೇಡಿ, ಕೂಡಲೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಯುವಿ ತಡೆಯುವ ಕನ್ನಡಕ, ಮುಖದ ಶೀಲ್ಡ್, ಉದ್ದ ತೋಳಿನ ಕೋಟು, ಗ್ಲೌಸ್ ಇಲ್ಲದೆ ದೀಪ ಹಚ್ಚಬೇಡಿ. ಗ್ಲೌಸಿಗೂ ಕೋಟಿನ ತೋಳಿಗೂ ನಡುವೆ ಮಣಿಕಟ್ಟು ಕಾಣುತ್ತಿರುತ್ತದೆ, ಅಲ್ವಾ? ಚರ್ಮ ಸುಡುವುದು ಅಲ್ಲೇ.

ಅಜೈಡ್ ಮತ್ತು ಡೈಯಾಜಿರೀನ್‌ಗಳನ್ನು ಗಟ್ಟಿ ರೂಪದಲ್ಲಿ ಬಿಸಿ ಮಾಡಬೇಡಿ, ಲೋಹದ ಚಮಚದಿಂದ ಕೆರೆಯಬೇಡಿ. ಸೋಡಿಯಂ ಅಜೈಡ್ ಇರುವ ಬಫರನ್ನು ಸಿಂಕಿಗೆ ಸುರಿಯಬೇಡಿ. ತಾಮ್ರ, ಸೀಸದ ಪೈಪಿನಲ್ಲಿ ಅದು ಸಿಡಿಯುವ ಲವಣವಾಗುತ್ತದೆ. ಆಸಿಡ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಪಾದರಸದ ದೀಪ ಒಡೆದರೆ ಕಸಬರಿಗೆ ಹಿಡಿಯಬೇಡಿ. ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದು, ಲ್ಯಾಬಿನ ಸುರಕ್ಷತೆ ನೋಡುವವರನ್ನು ಕರೆಯಿರಿ.

ಇನ್ನೊಂದು ಮಾತು. ಮುಂದೆ ಬರುವ ಯಾವ ಲಕ್ಷಣವನ್ನು ಓದಬೇಕಾದರೂ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬಿಡಿಸಿ ತೋರಿಸುವ ನಿಮ್ಮ ಜೆಲ್ಲಿನಲ್ಲಿ ನಾಲ್ಕು ಲೇನ್, ಅಂದರೆ ನಾಲ್ಕು ಸಾಲು, ಇರಲೇಬೇಕು. ಒಂದರಲ್ಲಿ ಪ್ರೋಬ್ ಮತ್ತು ಬೆಳಕು. ಒಂದರಲ್ಲಿ ಪ್ರೋಬ್ ಇದೆ, ಬೆಳಕಿಲ್ಲ. ಒಂದರಲ್ಲಿ ಬೆಳಕಿದೆ, ಪ್ರೋಬ್ ಇಲ್ಲ. ನಾಲ್ಕನೆಯದರಲ್ಲಿ ಪ್ರೋಬ್, ಬೆಳಕಿನ ಜೊತೆಗೆ ಬಾಲ ಇಲ್ಲದ ಮೂಲ ಔಷಧಿ ಜಾಸ್ತಿ ಪ್ರಮಾಣದಲ್ಲಿ. ಈ ನಾಲ್ಕನೆಯದನ್ನು ಪೈಪೋಟಿಯ ಲೇನ್ ಅನ್ನೋಣ. ಮೂಲ ಔಷಧಿ ಜಾಗ ಹಿಡಿದುಕೊಂಡರೆ ಇಲ್ಲಿ ಬ್ಯಾಂಡ್ ಇಳಿಯಬೇಕು. ಬರೀ ಮೊದಲ ಲೇನ್ ಹಾಕಿ ಬ್ಯಾಂಡ್ ಬಂತು ಅಂತ ಬರುವವರನ್ನು ನೋಡಿದ್ದೇನೆ. ಆ ಒಂದು ಬ್ಯಾಂಡಿನಿಂದ ಏನೂ ಹೇಳೋಕಾಗಲ್ಲ.

ಲಕ್ಷಣ: ಜೆಲ್ ಪೂರ್ತಿ ಖಾಲಿ, ಎಲ್ಲೂ ಹೊಳಪಿಲ್ಲ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ಹೆಚ್ಚಿನ ಸಲ ತಪ್ಪು ಇರುವುದು ಬೆಳಕು ಪ್ರೋಟೀನಿಗೆ ಮುಟ್ಟುವ ದಾರಿಯಲ್ಲಿ.

ಮೊದಲು ದೀಪ ನೋಡಿ. ಜೇಬಿನಲ್ಲಿರುವ 500 ರೂಪಾಯಿ ನೋಟನ್ನು ದೀಪದ ಕೆಳಗಿಡಿ. ಅದರ ನಂಬರುಗಳು ಹೊಳೆದರೆ ಯುವಿ ಬರುತ್ತಿದೆ ಅಂತ ಅರ್ಥ. ಎಷ್ಟು ಬರುತ್ತಿದೆ ಅನ್ನೋದು ಇದರಿಂದ ತಿಳಿಯುವುದಿಲ್ಲ. ಅದಕ್ಕೆ 365 ನ್ಯಾನೋಮೀಟರಿನ ಯುವಿ ಮೀಟರ್ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಪಕ್ಕದ ವಿಭಾಗದಲ್ಲಿ ಕೇಳಿ ನೋಡಿ. ಸ್ಯಾಂಪಲ್ ಇಡುವ ಜಾಗದಲ್ಲೇ ಮೀಟರ್ ಇಟ್ಟು ಅಳೆಯಿರಿ. ಅಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಬರುತ್ತಿದ್ದರೆ 10 ನಿಮಿಷಕ್ಕೆ 3 ಜೂಲ್ ಆಗುತ್ತದೆ. ಹತ್ತು ನಿಮಿಷ ಕೊಟ್ಟೆ ಅಂತ ಬರೆಯುವ ಬದಲು ಈ ಜೂಲ್ ಲೆಕ್ಕ ಬರೆದಿಡಿ. ದೀಪ ಹಳೆಯದಾದಂತೆ ಬೆಳಕು ಇಳಿಯುತ್ತದೆ. ಬೇಸಿಗೆಯಲ್ಲಿ ವೋಲ್ಟೇಜ್ ಕುಸಿದಾಗ ಹಳೇ ಚೋಕ್ ಇರುವ ಟ್ಯೂಬಿನ ಬೆಳಕೂ ಕುಸಿಯುತ್ತದೆ. ಹಚ್ಚಿದ ತಕ್ಷಣ ಟ್ಯೂಬ್ ಪೂರ್ತಿ ಬೆಳಕು ಕೊಡುವುದಿಲ್ಲ, ಐದು ನಿಮಿಷ ಬಿಟ್ಟು ಸ್ಯಾಂಪಲ್ ಇಡಿ.

ಯಾವ ತರಂಗದ ದೀಪ ಅನ್ನೋದೂ ಮುಖ್ಯ. ಬೇರೆ ದೀಪ ಇಲ್ಲ ಅಂತ ಲ್ಯಾಮಿನಾರ್ ಹುಡ್‌ನ ಯುವಿಯನ್ನೇ ಬಳಸುವವರಿದ್ದಾರೆ. ಅದು 254 ನ್ಯಾನೋಮೀಟರ್, ಸೂಕ್ಷ್ಮಜೀವಿ ಕೊಲ್ಲೋಕೆ ಇರುವುದು. ಡೈಯಾಜಿರೀನ್, ಬೆಂಜೋಫಿನೋನ್ ಎರಡಕ್ಕೂ ಬೇಕಾದದ್ದು 350ರಿಂದ 365. 254ರ ಬೆಳಕು ಪ್ರೋಟೀನನ್ನೇ ಹಾಳು ಮಾಡುತ್ತದೆ, ನಿಮ್ಮ ಕಣ್ಣನ್ನೂ. ಸರಳ ಆರೈಲ್ ಅಜೈಡ್‌ಗೆ ಮಾತ್ರ 300ಕ್ಕಿಂತ ಕೆಳಗಿನ ಬೆಳಕು ಬೇಕಾಗುತ್ತದೆ. ಅದರ ದೊಡ್ಡ ತೊಂದರೆಯೂ ಇದೇ.

ಆಮೇಲೆ ದೀಪಕ್ಕೂ ಸ್ಯಾಂಪಲಿಗೂ ನಡುವೆ ಏನಿದೆ ನೋಡಿ. ನಮ್ಮಲ್ಲೇ ಆದದ್ದನ್ನು ಹೇಳುತ್ತೇನೆ. ಜೂನ್ ತಿಂಗಳು, ಧಾರವಾಡದಲ್ಲಿ ಮಳೆ ಹಿಡಿದಿತ್ತು. ಸಂಜೆ ದೀಪ ಹಚ್ಚಿದರೆ ರೆಕ್ಕೆಯ ಮಳೆಹುಳಗಳೆಲ್ಲ ಯುವಿಗೆ ಬಂದು ಪ್ಲೇಟಿನ ಒಳಗೆ ಬೀಳುತ್ತಿದ್ದವು. ಹುಳ ಬೀಳದಿರಲಿ ಅಂತ ಪಕ್ಕದಲ್ಲಿದ್ದ ಅಕ್ರಿಲಿಕ್ ಹಾಳೆಯನ್ನು ಪ್ಲೇಟಿನ ಮೇಲೆ ಅಡ್ಡ ಇಟ್ಟೆವು. ಮುಂದೆ ಮೂರು ವಾರ ಪ್ರತಿ ಜೆಲ್ಲೂ ಖಾಲಿ. ಬಫರ್ ಬದಲಿಸಿದೆವು, ಬಣ್ಣ ಬದಲಿಸಿದೆವು, ಪ್ರೋಟೀನನ್ನು ಹೊಸದಾಗಿ ಶುದ್ಧ ಮಾಡಿದೆವು. ಒಂದು ಸಂಜೆ ಲ್ಯಾಬಿನ ಅಟೆಂಡರ್ ಕಾಕಾ ಗ್ಲಾಸುಗಳನ್ನು ಒರೆಸುತ್ತಾ ನಿಂತು ನೋಡಿದರು. "ಕಣ್ಣಿಗೆ ಬರೂ ಬೆಳಕ ತಡೀಲಿ ಅಂತ ತಂದ ಹಾಳಿ ಅಲ್ಲೇನ್ರೀ ಇದು? ಡಬ್ಬಿಗೆ ಹೋಗೂ ಬೆಳಕ ಬಿಡ್ತೈತೇನು?" ಅಂದರು. ಹಾಳೆ ತೆಗೆದು, ಸುತ್ತ ಸೊಳ್ಳೆಪರದೆ ಬಟ್ಟೆ ಕಟ್ಟಿದೆವು. ಮರುದಿನ ಬ್ಯಾಂಡ್ ಬಂತು. ಆವತ್ತಿನಿಂದ ಯಾರು ಖಾಲಿ ಜೆಲ್ ಹಿಡಿದು ಬಂದರೂ, ನಾನು ಮೊದಲು ದೀಪದಿಂದ ಸ್ಯಾಂಪಲಿನವರೆಗೆ ಬೆರಳು ಆಡಿಸಿ ತೋರಿಸಿ ಅನ್ನುತ್ತೇನೆ.

ಹೀಗೇ ಅಡ್ಡ ಬರುವವು ಇನ್ನೂ ಇವೆ. ಪ್ರೋಬ್ ಕಾಪಾಡಲು ತಂದ ಕಂದು ಟ್ಯೂಬಿನಲ್ಲೇ ಬೆಳಕು ಕೊಡುವುದು. ಟ್ಯೂಬನ್ನು ರ‍್ಯಾಕಿನಲ್ಲಿಟ್ಟು ಪಕ್ಕದಿಂದ ಬೆಳಕು ಕೊಡುವುದು. ಐಸ್ ಮೇಲಿಟ್ಟಾಗ ಮುಚ್ಚಳದ ಒಳಗೆ ಹನಿ ಕಟ್ಟುವುದು. ಸ್ಯಾಂಪಲನ್ನು ಬಾವಿಯಿರುವ ಪ್ಲೇಟಿನಲ್ಲಿ ತೆಳ್ಳಗೆ ಹರಡಿ, ಮುಚ್ಚಳ ತೆಗೆದು, ಮೇಲಿನಿಂದ ಬೆಳಕು ಬೀಳುವ ಹಾಗೆ ಇಡಿ.

ಬೆಳಕು ಸರಿ ಇದ್ದರೆ ಬಣ್ಣ ಸಿಕ್ಕಿಸುವ ಹಂತ ನೋಡಿ. ಇದೇ ಕ್ಲಿಕ್ ಕ್ರಿಯೆ: ಪ್ರೋಬಿನ ಆಲ್ಕೈನ್, ಬಣ್ಣಕ್ಕೆ ಕಟ್ಟಿರುವ ಅಜೈಡಿಗೆ ಸೇರುವುದು. 2022ರ ರಸಾಯನಶಾಸ್ತ್ರದ ನೊಬೆಲ್ ಬೆರ್ಟೋಝಿ, ಮೆಲ್ಡಾಲ್, ಶಾರ್ಪ್‌ಲೆಸ್ ಅವರಿಗೆ ಬಂದದ್ದು ಈ ಬಗೆಯ ಕೆಲಸಕ್ಕೇ. ನಮ್ಮ ಪ್ರೋಬಿನಲ್ಲಿರುವಂಥ ಸಾದಾ ಆಲ್ಕೈನ್ ಆದರೆ ತಾಮ್ರ ಇಲ್ಲದೆ ಈ ಕ್ರಿಯೆ ನಡೆಯುವುದಿಲ್ಲ. ಬಫರಿನಲ್ಲಿ ಇಡಿಟಿಎ ಇದ್ದರೆ ಅದು ತಾಮ್ರವನ್ನು ಕಟ್ಟಿಹಾಕುತ್ತದೆ. ಪ್ರೋಟಿಯೇಸ್ ತಡೆಯುವ ಮಾತ್ರೆಗಳಲ್ಲಿ ಎಷ್ಟೋ ಸಲ ಇಡಿಟಿಎ ಸೇರಿರುತ್ತದೆ, ಡಬ್ಬಿಯ ಮೇಲೆ ಓದಿ ನೋಡಿ. ಇದಕ್ಕಿಂತ ಕಣ್ಣಿಗೆ ಬೀಳದ ತಪ್ಪು ಇನ್ನೊಂದಿದೆ. ಪ್ರೋಟೀನ್ ಕೆಡದಿರಲಿ ಅಂತ ಯಾರೋ ಬಫರಿಗೆ ಸೋಡಿಯಂ ಅಜೈಡ್ ಹಾಕಿಟ್ಟಿರುತ್ತಾರೆ. ನಿಮ್ಮ ಬಣ್ಣದಲ್ಲಿರುವುದೂ ಅಜೈಡೇ. ಆಲ್ಕೈನ್‌ಗಳೆಲ್ಲ ಆ ಅಗ್ಗದ ಅಜೈಡಿಗೇ ಹೋಗಿ ಸೇರುತ್ತವೆ, ಬಣ್ಣಕ್ಕೆ ಏನೂ ಉಳಿಯುವುದಿಲ್ಲ. ಡಯಾಲಿಸಿಸ್ ಮಾಡಿ ತೆಗೆಯಿರಿ. ತಾಮ್ರವನ್ನು ಚುರುಕು ರೂಪದಲ್ಲಿಡಲು ಆಸ್ಕಾರ್ಬೇಟ್ ಬಳಸುವವರು ಅವತ್ತೇ ಕರಗಿಸಿ. ಹಳದಿಯಾಗಿದ್ದರೆ ಚೆಲ್ಲಿ.

ಕ್ಲಿಕ್ ಒಂದನ್ನೇ ಪರೀಕ್ಷಿಸಬೇಕಾದರೆ ನಿಮ್ಮ ಪ್ರೋಬ್ ಬೇಕಿಲ್ಲ. ಹಸುವಿನ ರಕ್ತದ ಆಲ್ಬುಮಿನ್‌ಗೆ ಅಯೋಡೋಅಸಿಟಮೈಡ್ ಆಲ್ಕೈನ್ ಹಾಕಿ. ಅದರಲ್ಲಿ ಒಂದು ಬಿಡಿ ಸಿಸ್ಟೀನ್ ಇದೆ, ಅಲ್ಲಿ ಅಂಟುತ್ತದೆ. ಬೆಳಕೂ ಬೇಡ. ಇದಕ್ಕೆ ಬಣ್ಣ ಹತ್ತಿದರೆ ಕ್ಲಿಕ್ ಸರಿ ಇದೆ.

ಮೂರನೆಯದು, ಪ್ರೋಬ್ ಬದುಕಿದೆಯೇ? ಪ್ರೋಟೀನಿನ ಗಂಧಕದ ಬಂಧ ಬಿಡಿಸಲು ಹಾಕುವ ಡಿಟಿಟಿ, ಟಿಸಿಇಪಿ ಎರಡೂ ಆರೈಲ್ ಅಜೈಡನ್ನು ಕೊಲ್ಲುತ್ತವೆ. ಅಂಥ ಪ್ರೋಬಿದ್ದರೆ ಬೆಳಕು ಕೊಡುವ ತನಕ ಇವು ಹತ್ತಿರ ಸುಳಿಯಬಾರದು. ಟ್ರಿಸ್ ಬಫರ್ ಕೂಡ ಅಜೈಡಿನಿಂದ ಹುಟ್ಟುವ ಚುರುಕು ರೂಪವನ್ನು ತಾನೇ ಹಿಡಿದುಕೊಳ್ಳುತ್ತದೆ. ಪಿಬಿಎಸ್ ಅಥವಾ ಹೆಪೆಸ್ ಬಳಸಿ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿಟ್ಟ ಪ್ರೋಬಿಗೆ ನಮ್ಮ ಊರಿನ ಹವೆಯದೇ ಎರಡು ಕಾಟ. ಡಿಎಂಎಸ್‌ಒ 18.5 ಡಿಗ್ರಿಗೆ ಗಡ್ಡೆ ಕಟ್ಟುತ್ತದೆ. ಧಾರವಾಡದ ಡಿಸೆಂಬರ್ ಬೆಳಗಿಗೆ ಅದು ಟೇಬಲ್ ಮೇಲೇ ಗಟ್ಟಿಯಾಗಬಹುದು. ಅರ್ಧ ಕರಗಿದ್ದರಲ್ಲಿ ಪಿಪೆಟ್ ಹಾಕಿದರೆ ಅಳತೆ ತಪ್ಪುತ್ತದೆ. ಪೂರ್ತಿ ಕರಗಿಸಿ, ಕಲಸಿ, ಆಮೇಲೆ ತೆಗೆಯಿರಿ. ಮಳೆಗಾಲದಲ್ಲಿ ತಣ್ಣಗಿನ ಸೀಸೆ ತೆರೆದರೆ ಗಾಳಿಯ ತೇವವನ್ನೆಲ್ಲ ಅದು ಹೀರುತ್ತದೆ. ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ಮುಟ್ಟಬೇಡಿ. ಕರೆಂಟ್ ಹೋಗಿ ಫ್ರೀಜರ್ ಕರಗಿದ ದಿನವನ್ನು ಡಬ್ಬಿಯ ಮೇಲೆ ಬರೆದಿಡಿ.

ಬೆಳಕಿಗೆ ಪ್ರೋಬ್ ನಿಜಕ್ಕೂ ಒಡೆಯುತ್ತಿದೆಯೇ ಅಂತ ನೋಡಲು ಬರೀ ಪ್ರೋಬನ್ನೇ ಬಫರಿನಲ್ಲಿ ಹಾಕಿ 0, 2, 5, 10, 20 ನಿಮಿಷ ಬೆಳಕು ಕೊಟ್ಟು, ಪದಾರ್ಥಗಳನ್ನು ಬಿಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಓಡಿಸಿ. ಮೂಲ ಪ್ರೋಬಿನ ಪೀಕ್ ಇಳಿಯುತ್ತಾ ಹೋಗಬೇಕು. ಡೈಯಾಜಿರೀನ್‌ಗೆ ಸಾಮಾನ್ಯವಾಗಿ ಕೆಲವು ನಿಮಿಷ ಸಾಕು. ಬೆಂಜೋಫಿನೋನ್‌ಗೆ ಅರ್ಧ ತಾಸು, ಕೆಲವೊಮ್ಮೆ ಒಂದು ತಾಸಿನ ಮೇಲೂ ಬೇಕು.

ಇಷ್ಟೆಲ್ಲ ಸರಿ ಇದ್ದೂ ಜೆಲ್ ಖಾಲಿ ಅಂದರೆ, ಬಾಲ ಕಟ್ಟಿದ್ದರಿಂದ ಔಷಧಿ ಪ್ರೋಟೀನಿಗೆ ಕೂರುವುದೇ ನಿಂತಿರಬಹುದು. ಪ್ರೋಬಿನಿಂದ ಕಿಣ್ವದ ಕೆಲಸ ನಿಲ್ಲುತ್ತದೆಯೇ ಅಂತ ಅಳೆಯಿರಿ. ಮೂಲ ಔಷಧಿಗಿಂತ ನೂರು ಪಟ್ಟು ಬಲ ಕಡಿಮೆಯಾಗಿದ್ದರೆ ಜೆಲ್ ಓಡಿಸುವುದನ್ನು ನಿಲ್ಲಿಸಿ. ಪ್ರೋಬ್ ಮಾಡಿಕೊಟ್ಟ ರಸಾಯನಶಾಸ್ತ್ರದವರ ಹತ್ತಿರ ಹೋಗಿ, ಬಾಲವನ್ನು ಬೇರೆ ಕಡೆ ಕಟ್ಟಿಕೊಡಿ ಅನ್ನಿ. ಜೆಲ್ ಓಡಿಸುವವರು ಎಷ್ಟು ಹೆಣಗಿದರೂ ಇದು ಸರಿಹೋಗುವ ತಪ್ಪಲ್ಲ.

ಲಕ್ಷಣ: ಬೆಳಕು ಕೊಡದ ಲೇನಿನಲ್ಲೂ ಬ್ಯಾಂಡ್

ಕೋಣೆಯ ಬೆಳಕನ್ನು ಮೊದಲು ಅನುಮಾನಿಸಿ. ಪಶ್ಚಿಮದ ಕಿಟಕಿ ಪಕ್ಕದ ಟೇಬಲ್ ಮೇಲೆ ಏಪ್ರಿಲ್ ಮಧ್ಯಾಹ್ನ ಪ್ರೋಬ್ ಕಲಸಿದರೆ, ದೀಪ ಹಚ್ಚುವ ಮೊದಲೇ ಬಿಸಿಲು ಕೆಲಸ ಶುರು ಮಾಡಿರುತ್ತದೆ. ಪರದೆ ಎಳೆಯಿರಿ, ಟ್ಯೂಬಿಗೆ ಫಾಯಿಲ್ ಸುತ್ತಿ.

ಎರಡನೆಯದು ಬಯೋಟಿನ್. ಜೀವಕೋಶದ ರಸದಲ್ಲಿ ಕೆಲಸ ಮಾಡಿ, ಬಯೋಟಿನ್ನನ್ನು ಹಿಡಿಯುವ ಸ್ಟ್ರೆಪ್ಟಾವಿಡಿನ್ ಪ್ರೋಟೀನಿನಿಂದ ನೋಡುತ್ತಿದ್ದರೆ, ಸುಮಾರು 75 ಮತ್ತು 130 ಕಿಲೋಡಾಲ್ಟನ್ ಹತ್ತಿರ ಎಲ್ಲ ಲೇನಿನಲ್ಲೂ ಗಟ್ಟಿ ಬ್ಯಾಂಡ್ ಬರುತ್ತದೆ. ಅದು ನಿಮ್ಮ ಪ್ರೋಬಿನದಲ್ಲ. ಜೀವಕೋಶದ ಕಾರ್ಬಾಕ್ಸಿಲೇಸ್ ಕಿಣ್ವಗಳಿಗೆ ಹುಟ್ಟಾ ಬಯೋಟಿನ್ ಇರುತ್ತದೆ. ಪ್ರೋಬ್ ಇಲ್ಲದ ಲೇನಿನಲ್ಲೂ ಅವು ಕಂಡರೆ ಸುಮ್ನೆ ಗುರುತು ಹಾಕಿಕೊಂಡು ಮುಂದೆ ಹೋಗಿ.

ಪ್ರೋಬ್ ಇಲ್ಲದ ಲೇನ್ ಖಾಲಿ, ಬೆಳಕಿಲ್ಲದ ಲೇನಿನಲ್ಲಿ ಮಾತ್ರ ಬ್ಯಾಂಡ್ ಅಂದರೆ ವಿಷಯ ಬೇರೆ. ಪ್ರೋಬ್ ಕತ್ತಲಲ್ಲೇ ಅಂಟುತ್ತಿದೆ. ಅದರ ಔಷಧಿ ಭಾಗದಲ್ಲಿ ಸಿಸ್ಟೀನ್ ಜೊತೆ ಸೇರುವ ಗುಂಪು ಇದೆಯೇ ಅಂತ ರಚನೆ ನೋಡಿ. ಜೆಲ್ಲಿನ ತಳದಲ್ಲಿ ಹರಡಿದ ಹೊಳಪು ಮಾತ್ರ ಇದ್ದರೆ ಅದು ತೊಳೆಯದೇ ಉಳಿದ ಬಣ್ಣ.

ಲಕ್ಷಣ: ಲೇನ್ ತುಂಬಾ ಬ್ಯಾಂಡ್, ಎಲ್ಲ ಪ್ರೋಟೀನಿಗೂ ಗುರುತು

ಪ್ರೋಬ್ ಜಾಸ್ತಿಯಾಗಿದೆ. ಹತ್ತರಲ್ಲಿ ಎಂಟು ಸಲ ನಾನು ಕಂಡದ್ದು ಇದನ್ನೇ. ಬ್ಯಾಂಡ್ ಮಂಕಾಗಿದೆ ಅಂತ 1 ಮೈಕ್ರೋಮೋಲಾರ್ ಇದ್ದದ್ದನ್ನು 50ಕ್ಕೆ ಏರಿಸುತ್ತೇವೆ. ಆಗ ಕೂರುವ ಜಾಗವೆಲ್ಲ ತುಂಬಿ, ಉಳಿದ ಪ್ರೋಬ್ ಸುತ್ತಮುತ್ತ ತೇಲುತ್ತಾ ಸಿಕ್ಕಿದ್ದಕ್ಕೆ ಅಂಟುತ್ತದೆ. ಔಷಧಿ ಎಷ್ಟು ಸಾಂದ್ರತೆಯಲ್ಲಿ ಪ್ರೋಟೀನಿಗೆ ಅರ್ಧ ತುಂಬುತ್ತದೋ ಅದರ ಆಸುಪಾಸಿನಲ್ಲಿ ಶುರು ಮಾಡಿ, ಅಲ್ಲಿಂದ ಕೆಳಗೂ ಮೇಲೂ ಐದಾರು ಹಂತ ಹಾಕಿ ನೋಡಿ. ಸಂಬಂಧವಿಲ್ಲದ ಒಂದು ಪ್ರೋಟೀನನ್ನು ಜೊತೆಗೆ ಸೇರಿಸಿ. ಅದಕ್ಕೂ ನಿಮ್ಮ ಪ್ರೋಟೀನಿಗೂ ಒಂದೇ ಸಮ ಗುರುತು ಬಿದ್ದರೆ ಆ ಸಾಂದ್ರತೆ ಉಪಯೋಗಕ್ಕಿಲ್ಲ.

ಬಾಲದ ಸ್ವಭಾವವೂ ಇದಕ್ಕೆ ಸೇರಿಕೊಳ್ಳುತ್ತದೆ. ಡೈಯಾಜಿರೀನ್ ಒಡೆದು ಹುಟ್ಟುವ ಕಾರ್ಬೀನ್ ಎಂಬ ಚುರುಕು ರೂಪ ನ್ಯಾನೋಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ, ಪಕ್ಕದಲ್ಲಿ ಏನೂ ಸಿಗದಿದ್ದರೆ ನೀರಿಗೇ ಸೇರುತ್ತದೆ. ಹಾಗಾಗಿ ಅದರ ಬ್ಯಾಂಡ್ ಮಂಕು, ಆದರೆ ನಂಬಬಹುದು. ಆದರೆ ಸರಳ ಆಲ್ಕೈಲ್ ಡೈಯಾಜಿರೀನ್ ಬೆಳಕಿನಲ್ಲಿ ಡೈಯಜೋ ಎಂಬ ಇನ್ನೊಂದು ರೂಪಕ್ಕೂ ತಿರುಗುತ್ತದೆ. ಅದು ಹೆಚ್ಚು ಹೊತ್ತು ಬದುಕಿ, ಗ್ಲುಟಮಿಕ್ ಮತ್ತು ಆಸ್ಪಾರ್ಟಿಕ್ ಆಸಿಡ್ ಇರುವ ಕಡೆ ಹುಡುಕಿಕೊಂಡು ಹೋಗಿ ಅಂಟುತ್ತದೆ.

ಲಕ್ಷಣ: ಬ್ಯಾಂಡ್ ಚೆನ್ನಾಗಿದೆ, ಪೈಪೋಟಿಯ ಲೇನಿನಲ್ಲೂ ಇಳಿಯುತ್ತಿಲ್ಲ

ಸೇರಿಸಿದ ಕ್ರಮ ನೋಡಿ. ಮೂಲ ಔಷಧಿ ಮೊದಲು ಹೋಗಿ, ಅರ್ಧ ತಾಸು ಕೂತು, ಆಮೇಲೆ ಪ್ರೋಬ್ ಬರಬೇಕು. ಅದು ಕರಗಿದೆಯೇ ಅಂತ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. 100 ಮೈಕ್ರೋಮೋಲಾರ್ ಅಂತ ಪುಸ್ತಕದಲ್ಲಿ ಬರೆದು, ತಳದಲ್ಲಿ ಬಿಳಿ ಪುಡಿ ಕೂತಿದ್ದರೆ ಪೈಪೋಟಿ ಹೇಗೆ ನಡೆಯುತ್ತದೆ? ಇವೆರಡೂ ಸರಿ ಇದ್ದರೆ, ನಿಮ್ಮ ಪ್ರೋಬ್ ಔಷಧಿಯ ಜಾಗದಲ್ಲಿ ಕೂತಿಲ್ಲ. ಆ ಬ್ಯಾಂಡ್ ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ.

ಇದರ ತಿರುಗುಮುರುಗು ಇನ್ನೂ ಅಪಾಯಕಾರಿ. ಬ್ಯಾಂಡ್ ಇಳಿದಿದೆ, ಆದರೆ ಸುಳ್ಳು ಕಾರಣಕ್ಕೆ. ನಮ್ಮ ಕಡೆ ಗಿಡಮೂಲಿಕೆಯ ಮೇಲೆ ಕೆಲಸ ಮಾಡುವವರು ತುಂಬಾ ಜನ. ಉಳ್ಳಾಗಡ್ಡಿಯಲ್ಲಿರುವ ಕ್ವೆರ್ಸಿಟಿನ್ 370 ನ್ಯಾನೋಮೀಟರ್ ಹತ್ತಿರ ಬೆಳಕನ್ನು ಹೀರುತ್ತದೆ. ಅರಿಶಿನದ ಕರ್ಕ್ಯುಮಿನ್ ಕೂಡ ಅಲ್ಲಿ ಒಂದಷ್ಟು ಹೀರುತ್ತದೆ. ಇಂಥದ್ದನ್ನು ಪೈಪೋಟಿಗೆ ಜಾಸ್ತಿ ಹಾಕಿದರೆ ಅದು ಪ್ರೋಬಿಗೆ ಬೀಳುವ ಬೆಳಕನ್ನೇ ತಡೆಯುತ್ತದೆ. ಬ್ಯಾಂಡ್ ಇಳಿಯುತ್ತದೆ, ನಾವು ಪೈಪೋಟಿ ಅಂದುಕೊಳ್ಳುತ್ತೇವೆ. ಗುರುತಿಸುವುದು ಸುಲಭ. ಸಂಬಂಧವಿಲ್ಲದ ಪ್ರೋಟೀನಿನ ಮಂಕು ಬ್ಯಾಂಡೂ ಅದೇ ಪ್ರಮಾಣದಲ್ಲಿ ಇಳಿದಿದ್ದರೆ ಅದು ನೆರಳಿನ ಕೆಲಸ. ಔಷಧಿಯ ಹೀರಿಕೆಯನ್ನು 365ರಲ್ಲಿ ಮೊದಲೇ ಅಳೆದಿಟ್ಟುಕೊಳ್ಳಿ.

ಕೈ ಪಳಗಿಸಲು ಕಾರ್ಬೋನಿಕ್ ಅನ್‌ಹೈಡ್ರೇಸ್ ಒಳ್ಳೆಯ ಪ್ರೋಟೀನ್. ಸುಮಾರು 29 ಕಿಲೋಡಾಲ್ಟನ್, ಕೊಳ್ಳಲು ಸಿಗುತ್ತದೆ, ಸಲ್ಫೋನಮೈಡ್ ಪ್ರೋಬ್ ಅದರ ಸತುವಿಗೆ ಗಟ್ಟಿಯಾಗಿ ಕೂರುತ್ತದೆ. ಗ್ಲಾಕೋಮಾಕ್ಕೆ ಕೊಡುವ ಅಸಿಟಜೋಲಮೈಡನ್ನು ಪೈಪೋಟಿಗೆ ಹಾಕಿದರೆ ಬ್ಯಾಂಡ್ ಬಿದ್ದುಹೋಗಬೇಕು. ಇದು ಬೀಳುವ ತನಕ ನಿಮ್ಮ ಅಮೂಲ್ಯ ಪ್ರೋಬನ್ನು ಮುಟ್ಟಬೇಡಿ ಅಂತ ನಾನು ಪ್ರತಿ ಹೊಸಬರಿಗೂ ಹೇಳುತ್ತೇನೆ.

ಲಕ್ಷಣ: ಬೆಳಕು ಕೊಟ್ಟ ಮೇಲೆ ಪ್ರೋಟೀನೇ ಕಾಣೆ, ಅಥವಾ ಮೇಲೆ ಮಸಿ ಬಳಿದ ಹಾಗೆ

ಎಲ್ಲ ಪ್ರೋಟೀನನ್ನೂ ತೋರಿಸುವ ಕೂಮಾಸಿ ಬಣ್ಣದಲ್ಲೂ ಬ್ಯಾಂಡ್ ಸಣ್ಣದಾಗಿದ್ದರೆ ಪ್ರೋಟೀನ್ ಗಂಟು ಕಟ್ಟಿದೆ. ದೀಪದ ಬಿಸಿ ಇದಕ್ಕೆ ಮೊದಲ ಕಾರಣ. ಐಸ್ ಮೇಲಿಟ್ಟು, ಐದೈದು ನಿಮಿಷಕ್ಕೆ ನಡುವೆ ಬಿಡುವು ಕೊಡಿ. ದೀಪ 254ಕ್ಕೆ ತಿರುಗಿದೆಯೇ ನೋಡಿ. ಹಿಸ್ಟಿಡಿನ್ ಬಾಲವಿರುವ ಪ್ರೋಟೀನಾದರೆ ಕ್ಲಿಕ್‌ನ ತಾಮ್ರವೂ ಅದನ್ನು ಕೆಳಗೆ ಕೂರಿಸಬಹುದು.

ಲಕ್ಷಣ: ಜೆಲ್ ಸರಿ, ಮಾಸ್ ಸ್ಪೆಕ್‌ನಲ್ಲಿ ಜಾಗ ಸಿಗುತ್ತಿಲ್ಲ

ಪ್ರೋಟೀನನ್ನು ತುಂಡು ಮಾಡಿ, ತುಂಡುಗಳ ತೂಕ ಅಳೆದು, ಪ್ರೋಬ್ ಅಂಟಿದ ಜಾಗ ಹುಡುಕುವ ಯಂತ್ರ ಮಾಸ್ ಸ್ಪೆಕ್. ಲೆಕ್ಕದಿಂದ ಶುರು ಮಾಡಿ, ಖರ್ಚಿಲ್ಲ. ಡೈಯಾಜಿರೀನ್ ಅಂಟುವಾಗ ಸಾರಜನಕದ ಒಂದು ಅಣು ಹಾರಿಹೋಗುತ್ತದೆ. ಪ್ರೋಬಿನ ಪೂರ್ತಿ ತೂಕ ಹಾಕಿ ಹುಡುಕಿದರೆ ಸಿಗುವುದಿಲ್ಲ. ಅದರಲ್ಲಿ 28.006 ಕಳೆಯಬೇಕು. ಆರೈಲ್ ಅಜೈಡಿಗೂ ಇದೇ ಲೆಕ್ಕ. ಬೆಂಜೋಫಿನೋನ್‌ನಲ್ಲಿ ಏನೂ ಹೋಗುವುದಿಲ್ಲ, ಪೂರ್ತಿ ತೂಕ ಸೇರುತ್ತದೆ. ಕ್ಲಿಕ್ ಮಾಡಿದ್ದರೆ ಆ ಬಣ್ಣದ ಅಥವಾ ಬಯೋಟಿನ್ನಿನ ತೂಕವೂ ಕೂಡಬೇಕು.

ಲೆಕ್ಕ ಸರಿ ಇದ್ದರೆ ತುಂಡು ನೋಡಿ. ಟ್ರಿಪ್ಸಿನ್ ಲೈಸಿನ್, ಆರ್ಜಿನಿನ್ ಆದ ಮೇಲೆ ಮಾತ್ರ ಕತ್ತರಿಸುತ್ತದೆ. ನಿಮ್ಮ ಜಾಗದ ಸುತ್ತ ಅವು ಇಲ್ಲದಿದ್ದರೆ ತುಂಡು ಉದ್ದವಾಗಿ ಕಾಣದೇ ಹೋಗುತ್ತದೆ. ಕೈಮೊಟ್ರಿಪ್ಸಿನ್‌ನಲ್ಲಿ ಇನ್ನೊಮ್ಮೆ ಕತ್ತರಿಸಿ. ಗುರುತು ಬಿದ್ದ ಪ್ರೋಟೀನ್ ಒಟ್ಟಿನಲ್ಲಿ ಸಣ್ಣ ಪಾಲು ಅನ್ನೋದು ನೆನಪಿರಲಿ, ಅದರಲ್ಲೂ ಅಂಟು ಒಂದೇ ಅಮೈನೋ ಆಸಿಡಿಗೆ ಬೀಳದೆ ಅಕ್ಕಪಕ್ಕ ಹಂಚಿಹೋಗಿರುತ್ತದೆ.

ಸಿಕ್ಕ ಜಾಗವನ್ನೂ ಬಾಲದ ಸ್ವಭಾವ ನೆನಪಿಟ್ಟು ಓದಿ. ಬೆಂಜೋಫಿನೋನ್‌ಗೆ ಮೆಥಿಯೋನಿನ್ ಅಂದರೆ ಪ್ರೀತಿ. ಪಕ್ಕದಲ್ಲಿ ಬೇರೆಯವು ಇದ್ದರೂ ಅಷ್ಟು ದೂರದ ಮೆಥಿಯೋನಿನ್ನಿಗೆ ಕೈ ಚಾಚುತ್ತದೆ. ರಚನೆ ತಿಳಿದ ಪ್ರೋಟೀನಾದರೆ ಗುರುತುಗಳನ್ನು ಅದರ ಮೇಲೆ ಇಟ್ಟು ನೋಡಿ. ಎಲ್ಲವೂ ಒಂದೇ ಗುಳಿಯ ಸುತ್ತ ಬಂದರೆ ಸರಿ. ಒಂದು ಈ ಕಡೆ, ಒಂದು ಬೆನ್ನ ಕಡೆ ಬಂದರೆ ಪೈಪೋಟಿಯ ಸ್ಯಾಂಪಲನ್ನೂ ಮಾಸ್ ಸ್ಪೆಕ್‌ಗೆ ಹಾಕಿ. ಅಲ್ಲಿ ಯಾವುದು ಮಾಯವಾಗುತ್ತದೋ ಅದೇ ನಿಮ್ಮ ಜಾಗ.

ಎರಡು ಕಿಣ್ವದಲ್ಲಿ ಕತ್ತರಿಸಿಯೂ ಸಿಗದಿದ್ದರೆ ಒಬ್ಬರೇ ಗುದ್ದಾಡಬೇಡಿ, ಮಾಸ್ ಸ್ಪೆಕ್ ದಿನವೂ ಮಾಡುವವರಿಗೆ ಕೊಡಿ. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಒಯ್ಯುವುದಾದರೆ ದ್ರವಕ್ಕಿಂತ ಜೆಲ್ಲಿನ ತುಂಡು ಒಳ್ಳೆಯದು. ಗ್ಲೌಸ್ ಹಾಕಿಕೊಂಡು ಕತ್ತರಿಸಿ, ಇಲ್ಲದಿದ್ದರೆ ನಿಮ್ಮ ಚರ್ಮದ ಕೆರಾಟಿನ್ನೇ ಮೊದಲು ಕಾಣುತ್ತದೆ. ಒಂದು ಶೇಕಡ ಅಸಿಟಿಕ್ ಆಸಿಡ್ ನೀರಿನಲ್ಲಿ ಮುಳುಗಿಸಿ, ನಾಲ್ಕೂ ಲೇನಿನ ತುಂಡುಗಳನ್ನು ಬೇರೆ ಬೇರೆ ಟ್ಯೂಬಿಗೆ ಹಾಕಿ. ಜೊತೆಗೆ ಒಂದು ಚೀಟಿಯಲ್ಲಿ ಪ್ರೋಬಿನ ಸೂತ್ರ, ಸಾರಜನಕ ಕಳೆದ ತೂಕ, ಬಫರಿನಲ್ಲಿ ಏನೇನಿತ್ತು, ಯಾವ ಡಿಟರ್ಜೆಂಟ್ ಇತ್ತು ಅಂತ ಬರೆದು, ಜೆಲ್ಲಿನ ಫೋಟೋ ಲಗತ್ತಿಸಿ ಕೊಡಿ.